ಟೀಚರಮ್ಮ ಜೊತೆಗಿದ್ದ ರಾತ್ರಿ

ಕಳೆದ ಭಾನುವಾರ ನಮ್ಮ ಮನೆಯವರು ಯಾರ ಕೈಯನ್ನೂ ಹಿಡಿಯದೆ ಚರ್ಚ್‌ನಲ್ಲಿ ಬಲಿಪೀಠದ ತನಕ ನಡೆದುಹೋಗಿ ಕರ್ತನ ಭೋಜನ (ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡರು. 11 ತಿಂಗಳ ಮೇಲೆ. ನನ್ನ ಗಂಡ ಐಸಿಯುನಲ್ಲಿ ಸಾವು ಬದುಕಿನ ನಡುವೆ ಇದ್ದವರು. ಏನಾಗಿತ್ತು ಅನ್ನೋದನ್ನು ಮತ್ತೆ ಬರೆಯುವುದಿಲ್ಲ.

ಮೈಸೂರಿನ ನಮ್ಮ ಚರ್ಚ್ ಸಭೆಯವರು, ಪಾದ್ರಿ ಅಯ್ಯನವರು, ರಕ್ತ ಕೊಟ್ಟ ಹುಡುಗರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆತಂದ ಎದುರುಮನೆ ಅಕ್ಕ, ಫಿಲೋಮಿನಾ ಚರ್ಚ್‌ನಲ್ಲಿ ಮೇಣದಬತ್ತಿ ಹಚ್ಚಿದ ಕ್ಯಾಥೋಲಿಕ್ ಗೆಳತಿಯರು, ನಮಗೋಸ್ಕರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಆಫೀಸಿನವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಬ್ಬರ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು. ಮಂಡ್ಯದಲ್ಲಿ ನನಗೆ ಸಂಡೇ ಸ್ಕೂಲ್ ಕಲಿಸಿದ ಟೀಚರಮ್ಮ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಡಾಕ್ಟರು "ಬೆಳಗಿನ ತನಕ ನೋಡೋಣ" ಅಂದ ರಾತ್ರಿ ಅವರು ಬಸ್ಸು ಹತ್ತಿ ಬಂದರು. ಎಪ್ಪತ್ತು ದಾಟಿದ ವಯಸ್ಸು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್, ಅದರಲ್ಲಿ ಮುದ್ದೆ, ಬಸ್ಸಾರು. ಐಸಿಯು ಹೊರಗೆ ನನ್ನ ಪಕ್ಕ ಕೂತರು.

ಅವತ್ತು ಸಂಜೆಯಷ್ಟೇ ಒಬ್ಬರು ಬಂದು, ನಂಬಿಕೆ ಗಟ್ಟಿ ಇದ್ದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗುತ್ತಿತ್ತು ಅಂತ ಹೇಳಿ ಹೋಗಿದ್ದರು. ಅದು ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಟೀಚರಮ್ಮನಿಗೆ ಹೇಳಿಬಿಟ್ಟೆ: ನನಗೆ ಪ್ರಾರ್ಥನೆ ಬರುತ್ತಿಲ್ಲ, ದೇವರ ಮೇಲೆ ಸಿಟ್ಟು ಬರುತ್ತಿದೆ. ಇಪ್ಪತ್ತು ವರ್ಷ ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ನಡೆಸಿದವಳು ನಾನು. ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೈಬಲ್ ತೆಗೆದು ಕೀರ್ತನೆ 88 ಓದಿದರು. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು 18 ವಚನಗಳನ್ನೂ ನಿಧಾನಕ್ಕೆ ಓದಿದರು. ದುಃಖದ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ.

"ನೋಡವ್ವ, ಇದನ್ನೂ ತೆಗ್ದಾಕ್ದೆ ಬೈಬಲ್‌ನಲ್ಲೇ ಮಡಗವ್ರೆ. ನಿನ್ ಸಿಟ್ನೂ ದೇವ್ರ ಮುಂದೇನೇ ಮಡಗು" ಅಂದರು.

ಬೈಬಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯ ಇದೆಯಲ್ಲ, ಹಾಲು ಕೂಸಿಗೆ, ಗಟ್ಟಿ ಆಹಾರ ಪ್ರಾಯಸ್ಥರಿಗೆ ಅಂತ. ಚಿಕ್ಕಂದಿನಲ್ಲಿ ಅದನ್ನು ಬಾಯಿಪಾಠ ಮಾಡಿಸಿದವರು ಇದೇ ಟೀಚರಮ್ಮ. ದೊಡ್ಡ ದೊಡ್ಡ ಬೋಧನೆ ತಿಳಿದುಕೊಂಡರೆ ಗಟ್ಟಿ ಆಹಾರ ಉಂಡ ಹಾಗೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅದೇ ವಚನದಲ್ಲಿ ಸಾಧನೆಯಿಂದ, ಅಂದರೆ ಅಭ್ಯಾಸದಿಂದ, ಪಳಗಿದವರ ಮಾತೂ ಇದೆ. ಅದರ ಮೇಲೆ ನನ್ನ ಕಣ್ಣು ಬಿದ್ದೇ ಇರಲಿಲ್ಲ.

ಆಮೇಲೆ ಕ್ಯಾರಿಯರ್ ಬಿಚ್ಚಿದರು. ನಾನು ಬೇಡ ಅಂದೆ. ಅವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಗಿಟ್ಟರು. "ಅಗೀಬೇಡ, ನುಂಗು. ಮುದ್ದೆ ತಿನ್ನೋದು ಹಂಗೇ ಅಲ್ವಾ?" ಮೂರು ತುತ್ತು ನುಂಗಿದೆ. ಯಾಕೆ, ನಮಗೇ ಯಾಕೆ ಅಂತ ಮೂರು ದಿನದಿಂದ ಅದನ್ನೇ ಅಗಿಯುತ್ತಾ ಕೂತಿದ್ದೆ. ಆ ಪ್ರಶ್ನೆಯೂ ಮುದ್ದೆಯ ಜೊತೆ ಒಳಗೆ ಇಳಿಯಿತು. ಉತ್ತರ ಸಿಗಲಿಲ್ಲ, ಆದರೆ ಉಸಿರಾಡಲು ಆಯಿತು. ಆಮೇಲೆ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ, ನಲವತ್ತೆಂಟು ವರ್ಷದವಳು. ಅವರು ಬೆಳಗಿನ ತನಕ ಕಣ್ಣು ಮುಚ್ಚಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಪಕ್ಕದ ಬೆಡ್ಡಿನ ಹುಡುಗ ಉಳಿಯಲಿಲ್ಲ. ಅವನ ತಾಯಿ ನನಗಿಂತ ಜಾಸ್ತಿ ಪ್ರಾರ್ಥನೆ ಮಾಡುತ್ತಿದ್ದರು. ಹಾಗಾಗಿ, ನನ್ನ ನಂಬಿಕೆ ಇವರನ್ನು ಉಳಿಸಿತು ಅಂತ ಸಾಕ್ಷಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಕರ್ತನ ಕೃಪೆ ಅನ್ನುತ್ತೇನೆ. ಆ ತಾಯಿಯನ್ನು ನೆನೆದು ಅಳುತ್ತಲೇ ಅನ್ನುತ್ತೇನೆ.

ಮುಂದಿನ ತಿಂಗಳು ಮಂಡ್ಯದಲ್ಲಿ ಟೀಚರಮ್ಮನ ಕಣ್ಣಿನ ಆಪರೇಷನ್. ಆ ರಾತ್ರಿ ಜೊತೆಗಿರುವವಳು ನಾನು. ಅವರ ಕ್ಯಾರಿಯರ್ ಇನ್ನೂ ನನ್ನ ಹತ್ತಿರವೇ ಇದೆ, ತುಂಬಿಸಿಕೊಂಡು ಹೋಗುತ್ತೇನೆ. ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ಯಾವ ಕೀರ್ತನೆ ಓದಲಿ ಅಂತ ನಿನ್ನೆ ಫೋನಿನಲ್ಲಿ ಕೇಳಿದೆ.

"103 ಓದವ್ವ" ಅಂದರು. ದೇವರ ಉಪಕಾರಗಳನ್ನು ನೆನೆದು ಕೊಂಡಾಡುವ ಕೀರ್ತನೆ ಅದು.