ಮೇವೋ, ತೋಳವೋ

ಮುಂಡರಗಿ,
ಏಪ್ರಿಲ್ 6

ಚಿ. ಸುಧಾಳಿಗೆ ಅಪ್ಪನ ಆಶೀರ್ವಾದಗಳು.

ನಾಡಿದ್ದು ನೀನು ಗೋವಾದಲ್ಲಿ ಹಡಗು ಹತ್ತುವೆ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯಲಾರೆ. ಮನೆಯಲ್ಲಿ ನೀನು ಬಿಟ್ಟುಹೋದ ಪ್ರಬಂಧದ ಕರಡನ್ನು ಮೂರು ರಾತ್ರಿ ಕುಳಿತು ಓದಿದೆ. ಮಾತಾಡುವ ಮೊದಲೇ ಓದಬೇಕಿತ್ತು.

ಮಳೆಗಾಲಕ್ಕೆ ಮುಂಚೆ ಅರಬ್ಬಿ ಸಮುದ್ರದ ನಡುಭಾಗದಲ್ಲಿ ಮೇಲ್ಪದರ ಕಾದು ಹಗುರಾಗಿ, ಕೆಳಗಿನ ಪೋಷಕಾಂಶ ಮೇಲೆ ಬಾರದೆ ನೀರು ಬಡವಾಗುತ್ತದೆ ಎಂದು ಬರೆದಿರುವೆ. ಅಲ್ಲಿಯ ಹಸಿರೆಂದರೆ 1988ರಲ್ಲಿ ಜಗತ್ತಿಗೆ ತಿಳಿದ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾದಂಥವು, ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಅಗಲವೂ ಇಲ್ಲದವು. ಅವನ್ನು ಮೇಯುವ ಏಕಕೋಶ ಜೀವಿ ಗಂಟೆಗೆ ತನ್ನ ಗಾತ್ರದ ಸುಮಾರು ಲಕ್ಷ ಪಟ್ಟು ನೀರನ್ನು ಸೋಸಬಲ್ಲದಾದರೂ, ಒಡೆದು ಎರಡಾಗುವಷ್ಟು ಆಹಾರ ಅದಕ್ಕೆ ದಕ್ಕದೇ ಹೋಗಬಹುದು. ಸಮುದ್ರದಲ್ಲಿ ದಿನವೂ ಬೆಳೆಯುವ ಹಸಿರಿನ ಅರ್ಧಕ್ಕಿಂತ ಹೆಚ್ಚನ್ನು ಮುಗಿಸುವ ಈ ಜೀವಿಗಳನ್ನು ಹತೋಟಿಯಲ್ಲಿಡುವುದು ಮೇವಿನ ಕೊರತೆಯೋ, ಅವನ್ನು ತಿನ್ನುವ ಕೋಪೆಪಾಡ್ ಎಂಬ ಸಿಗಡಿ ಬಳಗದ ಪುಟ್ಟ ಪ್ರಾಣಿಯೋ ಎಂಬುದು ನಿನ್ನ ಪ್ರಶ್ನೆ.

ನನಗೆ ಅದು ಹಳೆಯ ಪ್ರಶ್ನೆ. 1972ರ ಬರದಲ್ಲಿ ನನಗೆ ಹತ್ತು ವರ್ಷ. ಕಪ್ಪತಗುಡ್ಡದ ಅಡಿಯಲ್ಲಿ ನಿನ್ನ ಅಜ್ಜನ ಹಿಂಡು ನೆಲಕ್ಕೆ ಬಾಯಿ ಹಚ್ಚಿ ದಿನವಿಡೀ ನಡೆಯುತ್ತಿತ್ತು. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ. ಕಿವಿ ಸೀಳಿದ ಒಂದು ಮುದಿ ಕುರಿ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ನಾನು ಬಾರಿಗಿಡದಲ್ಲಿ ಒಣಹಣ್ಣು ಹುಡುಕುತ್ತ ನಿಂತೆ. ತಿರುಗಿ ಬಂದಾಗ ಜಾಲಿಮುಳ್ಳಿಗೆ ಹಿಡಿಯಷ್ಟು ಉಣ್ಣೆ ಸಿಕ್ಕಿಕೊಂಡಿತ್ತು, ಅಷ್ಟೇ. ತೋಳ ತಿಂದಿತು ಎಂದು ನಾನು ಅತ್ತುಬಿಟ್ಟೆ. ಅಜ್ಜ ಆ ಉಣ್ಣೆಯ ಎಳೆಯೊಂದನ್ನು ಬೆರಳುಗಳ ನಡುವೆ ಎಳೆದ. ಅದು ಪಟ್ಟನೆ ಹರಿಯಿತು. ಮೇವಿಲ್ಲದ ಕುರಿಯ ಉಣ್ಣೆ ಹಾಗೆ ಹರಿಯುತ್ತದೆ. “ಇದನ್ನ ತ್ವಾಳ ಒಂದ ತಿಂದಿಲ್ಲಪಾ” ಎಂದ. ನಾನೆಲ್ಲಿದ್ದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಐವತ್ತು ವರ್ಷದ ಮೇಲೂ ಆ ಎಳೆ ಹರಿದದ್ದು ಕಣ್ಣ ಮುಂದಿದೆ.

ಆದ್ದರಿಂದ ಕೇಳುತ್ತೇನೆ: ಹಸಿವು ಮತ್ತು ಬೇಟೆಯನ್ನು ನೀನು ಎರಡು ಕೋಷ್ಟಕಗಳಲ್ಲಿ ಬೇರೆಯಾಗಿ ಇಟ್ಟಿರುವುದೇಕೆ? ಬಡ ನೀರಿನ ಹಸಿರು ಕೋಪೆಪಾಡ್‌ನ ಹಿಡಿತಕ್ಕೆ ಸಿಗದಷ್ಟು ಸಣ್ಣದಾದ್ದರಿಂದ ಕೋಪೆಪಾಡ್ ಆ ಮೇಯುವ ಏಕಕೋಶ ಜೀವಿಗಳಲ್ಲಿ ಒಂದು ಬಗೆಯಾದ ಸಿಲಿಯೇಟ್‌ಗಳ ಮೇಲೆ ಬೀಳುತ್ತದೆ ಎಂದು ಬರೆದವಳು ನೀನೇ. 1982ರಲ್ಲಿ ಲ್ಯಾಂಡ್ರಿ ಮತ್ತು ಹ್ಯಾಸೆಟ್ ಎಂಬ ವಿಜ್ಞಾನಿಗಳು ತೋರಿಸಿದಂತೆ ಸೋಸಿದ ನೀರು ಬೆರೆಸಿ ತೆಳುವಾಗಿಸಿ, ಮೇಯುವವು ವಿರಳವಾದ ಬಾಟಲಿಯಲ್ಲಿ ಹಸಿರು ಎಷ್ಟು ಹೆಚ್ಚು ಬೆಳೆಯಿತೆಂದು ನೋಡಿದರೆ ಮೇಯ್ದ ಲೆಕ್ಕ ಸಿಗುತ್ತದೆ, ಒಪ್ಪಿದೆ. ಆದರೆ ಜರಡಿ ಹಿಡಿದು ಕೋಪೆಪಾಡ್‌ಗಳನ್ನು ಮೊದಲೇ ತೆಗೆದಿಟ್ಟರೆ, ತೋಳವನ್ನು ಓಡಿಸಿ ಗುಡ್ಡವನ್ನು ಅಳೆದಂತಾಗದೇ? ಮೂವತ್ತು ವರ್ಷ ಮಾಸ್ತರನಾಗಿದ್ದವನ ಚಟ ಇದು, ಸಹಿಸಿಕೋ. ತಿಂದ ಪಾಚಿಯ ಹರಿತ್ತನ್ನು ಹೊಟ್ಟೆಯಲ್ಲಿಯೇ ಉಳಿಸಿಕೊಂಡು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಿಲಿಯೇಟ್‌ಗಳ ಪುಟವನ್ನು ನಿನ್ನ ಅವ್ವನಿಗೂ ಓದಿ ಹೇಳಿದೆ. ಅಂಥ ಕುರಿ ಇದ್ದಿದ್ದರೆ ಎಂದು ಆಕೆ ನಕ್ಕಳು. ಇದನ್ನು ಬರೆದವಳು ನನ್ನ ಮಗಳು ಎಂದು ಪಕ್ಕದ ಮನೆಯವರಿಗೂ ಹೇಳಿ ಬಂದಿದ್ದೇನೆ.

ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ ನಿನ್ನ ಚೀಲದ ತಳದಲ್ಲಿವೆ. ರಾತ್ರಿ ನೀರಿನ ಮಾದರಿ ತೆಗೆಯಲು ಹಡಗಿನ ಅಂಚಿಗೆ ಒಬ್ಬಳೇ ಹೋಗಬೇಡ. ಯಾರನ್ನಾದರೂ ಎಬ್ಬಿಸಿ ಕರೆದುಕೊಂಡು ಹೋಗು, ಬೈದರೆ ಬೈಯಲಿ.

ನಿನ್ನ ಅಪ್ಪ