ಓದಿ ಕಾದ ಅಕ್ಕನಿಗೆ

ಹೋದ ಶನಿವಾರ ಸಂಜೆ ನಮ್ಮವರು ಕುಮಾರವ್ಯಾಸ ಭಾರತದ ಉದ್ಯೋಗಪರ್ವದ ಒಂದು ಸಂಧಿಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಓದಿದರು. ನಿಧಾನವಾಗಿ ಓದಿದರು, ನಡುನಡುವೆ ನಿಂತು ಬಿಸಿನೀರು ಕುಡಿದರು, ಕೆಲವು ಪದಗಳನ್ನು ಮತ್ತೆ ಮತ್ತೆ ಹಿಡಿದು ಸರಿಪಡಿಸಿಕೊಂಡರು. ಊಟದ ಹೊತ್ತು ಮೀರಿದರೂ ಜಗಲಿಯಿಂದ ಯಾರೂ ಏಳಲಿಲ್ಲ. ಸುದ್ದಿ ಹೇಗೋ ಹಬ್ಬಿ, ಅಂದಿನಿಂದ ಫೋನು ಮಾಡಿದವರು, ಸಂದೇಶ ಕಳಿಸಿದವರು ಬಹಳ ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವಷ್ಟು ಸಮಾಧಾನ ಮನಸ್ಸಿಗೆ ಇನ್ನೂ ಬಂದಿಲ್ಲ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇವರ ಮಾತು ನಿಂತು, ಬಲಗೈ ಸೋತು ಆಸ್ಪತ್ರೆ ಸೇರಿದ್ದು, ಡಾಕ್ಟರು ಏನೆಂದರು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ.

ಸಾಗರದ ಕಡೆಯ ನಮ್ಮ ಮನೆಗೆ ಬಂದು ಉಳಿದವರಿಗೆ ನಮ್ಮ ಸಂಜೆ ಹೇಗೆಂದು ತಿಳಿದಿದೆ. ನಾನು ಮದುವೆಯಾಗಿ ಬಂದಾಗಿನಿಂದ ಊಟಕ್ಕೆ ಮುಂಚೆ ಇವರು ಗಟ್ಟಿಯಾಗಿ ಓದುತ್ತಾರೆ, ನಾನು ಹೆಣೆಯುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋದರೆ ದೀಪ ಹಚ್ಚಿಕೊಂಡು ಓದುತ್ತಾರೆ. ಭಾರತವನ್ನಷ್ಟೇ ಅಲ್ಲ, ಪತ್ರಿಕೆಯ ಸಂಪಾದಕೀಯ, ಸೊಸೈಟಿಯ ಸುತ್ತೋಲೆ, ಮಗ ಹಾಸ್ಟೆಲಿನಿಂದ ಬರೆಯುತ್ತಿದ್ದ ಕಾಗದ, ಎಲ್ಲವನ್ನೂ ಒಂದೇ ಶ್ರದ್ಧೆಯಿಂದ ಓದುತ್ತಾರೆ. ನನ್ನ ಮಕ್ಕಳ ಕುಲಾವಿ, ಅತ್ತೆಯವರ ಕಾಲುಚೀಲ, ಊರಿನ ಅರ್ಧ ಜನರ ಸ್ವೆಟರು, ಎಲ್ಲವೂ ಆ ದನಿಯನ್ನು ಕೇಳುತ್ತಾ ಹೆಣೆದವು. ಆ ದನಿ ಒಂದು ಬೆಳಗ್ಗೆ ಅರ್ಧ ವಾಕ್ಯದಲ್ಲಿ ನಿಂತುಹೋಯಿತು.

ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನ ಹಸು ಕರೆದು ಡೈರಿಗೆ ಹಾಲು ಹಾಕಿದ ಆಚೆಮನೆಯವರಿಗೆ, ಅಡಿಕೆಗೆ ಕೊಳೆರೋಗ ತಗಲುವ ಮುನ್ನ ಮಳೆ ಬಿಟ್ಟ ಹೊತ್ತು ನೋಡಿ ಎರಡನೇ ಸಲದ ಬೋರ್ಡೋ ಮದ್ದನ್ನು ನಮ್ಮ ತೋಟಕ್ಕೂ ಹೊಡೆಸಿದ ಊರಿನ ಹುಡುಗರಿಗೆ ಮತ್ತು ಮರ ಹತ್ತುವ ಕೊನೆಗಾರನಿಗೆ, ಆ ಬೆಳಗ್ಗೆ ಸುರಿಯುವ ಪುಷ್ಯ ಮಳೆಯಲ್ಲಿ ಶಿವಮೊಗ್ಗದವರೆಗೆ ಕಾರು ಓಡಿಸಿದ ಭಾವನವರ ಅಳಿಯನಿಗೆ, ದುಡ್ಡಿನ ಮಾತೆತ್ತದೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಉಲ್ಲನ್ ಕಳಿಸುತ್ತಿದ್ದ ಅಂಗಡಿಯವರಿಗೆ, ರಜೆ ಹಾಕಿ ಓಡಿಬಂದ ಮಕ್ಕಳಿಗೆ, ಡಾಕ್ಟರುಗಳಿಗೆ, ನರ್ಸಮ್ಮಂದಿರಿಗೆ ನನ್ನ ನಮಸ್ಕಾರ.

ಇನ್ನು ಅಕ್ಕ. ನಮ್ಮವರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಓರಗಿತ್ತಿಯರ ಬಗ್ಗೆ ಊರಲ್ಲಿರುವ ಗಾದೆಗಳೆಲ್ಲ ನನಗೂ ಬರುತ್ತವೆ. ಆದರೆ ನಾನು ಇವರನ್ನು ಅಕ್ಕ ಎಂದೇ ಕರೆದದ್ದು, ಅವರು ಅಕ್ಕನಾಗಿಯೇ ಇದ್ದದ್ದು. ಏಳನೇ ತರಗತಿಗೆ ಶಾಲೆ ಬಿಟ್ಟವರು. ಗಮಕವನ್ನು, ಎಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಯಾರ ಮುಂದೆಯೂ ಕುಳಿತು ಕಲಿಯದೆ, ತಂದೆ ಶ್ರಾವಣದಲ್ಲಿ ಓದಿಸುತ್ತಿದ್ದ ಭಾರತವನ್ನು ಕೇಳಿಯೇ ಕಲಿತವರು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ತಮ್ಮ ಮನೆಗೇ ಬಂದಿತೆಂಬಂತೆ ಪಾಯಸ ಮಾಡಿ ಎಲ್ಲರಿಗೂ ಹಂಚಿದ್ದರು.

ಆ ರಾತ್ರಿ ಐಸಿಯು ಹೊರಗಿನ ಪಡಸಾಲೆಯಲ್ಲಿ ನನ್ನ ಜೊತೆಗೆ ಉಳಿದವರು ಅವರು. ಗಂಡಸರನ್ನೆಲ್ಲ ಭಾವನವರ ಜೊತೆಗೆ ಕಳಿಸಿಬಿಟ್ಟರು. "ಇವಳ ಹತ್ತಿರ ನಾನಿರುತ್ತೇನೆ, ನೀವು ಬೆಳಗ್ಗೆ ಬನ್ನಿ" ಎಂದರು. ಚಾಪೆ ಹಾಸಿ, ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, "ಕಡ್ಡಿ ತೆಗೆ" ಎಂದರು. ಮೊಮ್ಮಗಳಿಗೆಂದು ಆರಂಭಿಸಿದ್ದ ಮಫ್ಲರು ಚೀಲದಲ್ಲಿತ್ತು.

"ಈಗ ಹೆಣೆಯುವುದೇ ಅಕ್ಕ?"

"ಹೆಣಿ. ಕೈ ಸುಮ್ಮನಿದ್ದರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ. ನಾನು ಓದುತ್ತೇನೆ."

ಅಂಥ ಹೊತ್ತಿನಲ್ಲಿ ಪುಸ್ತಕ ತರಲು ಯಾರಿಗೆ ನೆನಪಿರುತ್ತದೆ? ಅಕ್ಕ ಚಪಾತಿ ಸುತ್ತಿ ತಂದಿದ್ದ ಪತ್ರಿಕೆಯ ಹಾಳೆಯನ್ನು ಮೊಣಕಾಲಿನ ಮೇಲಿಟ್ಟು ನೀವಿ ನೇರ ಮಾಡಿದರು. ಅಡಿಕೆ ಧಾರಣೆಯಿಂದ ಶುರುಮಾಡಿದರು. ಸರಕು, ಬೆಟ್ಟೆ, ರಾಶಿ, ಗೊರಬಲು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಒಂದು ಅಂಕಿಯನ್ನೂ ಬಿಡಲಿಲ್ಲ. ಆಮೇಲೆ ಯಾವುದೋ ಊರಿನ ಸೇತುವೆಯ ಸುದ್ದಿ, ಒಂದು ಶಾಲೆಯ ವಾರ್ಷಿಕೋತ್ಸವ. ಕೆಳಗೆ ನಿಧನವಾರ್ತೆಯ ಅಂಕಣವಿತ್ತು; ಅದನ್ನು ಸದ್ದಿಲ್ಲದೆ ಒಳಕ್ಕೆ ಮಡಿಸಿದ್ದನ್ನು ನಾನು ನೋಡಿದೆ. ಪತ್ರಿಕೆ ಮುಗಿದ ಮೇಲೆ ಬಟ್ಟೆಚೀಲದ ಮೇಲೆ ಅಚ್ಚಾಗಿದ್ದ ಅಂಗಡಿಯ ವಿಳಾಸ, ವಾರದ ರಜೆ, ಗೋಡೆಯ ಮೇಲಿದ್ದ ಸೂಚನೆಗಳು, ಕಣ್ಣಿಗೆ ಬಿದ್ದ ಕನ್ನಡವನ್ನೆಲ್ಲ ಓದಿದರು. ಅದೂ ಮುಗಿದಾಗ ಕಣ್ಣು ಮುಚ್ಚಿ, ಬಾಯಿಗೆ ಬರುತ್ತಿದ್ದ ಭಾರತದ ಪದ್ಯಗಳನ್ನು ಹೇಳತೊಡಗಿದರು.

ರಾಗ ತೆಗೆಯುವಂತಿರಲಿಲ್ಲ, ಅಕ್ಕಪಕ್ಕದಲ್ಲಿ ಜನ ಮಲಗಿದ್ದರು. ರಾಗ ಬಿಟ್ಟರೆ ಆ ಭಾರತದ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಉಳಿಯುವುದು ಅದರ ನಡೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಸಾಲು ಮತ್ತು ಆರನೆಯ ಸಾಲು ಅದೇ ನಡೆಯಲ್ಲಿ ಇನ್ನಷ್ಟು ದೂರ ಹೋಗಿ, ಕೊನೆಗೆ ಒಂದು ಗುರುವಿನ, ಎಂದರೆ ಎರಡು ಮಾತ್ರೆಯ ಅಕ್ಷರದ, ಮೇಲೆ ನಿಲ್ಲುತ್ತವೆ. ಅಷ್ಟನ್ನೇ ಪಿಸುದನಿಯಲ್ಲಿ ಹೇಳುತ್ತಾ ಹೋದರು. ಸ್ವಲ್ಪ ದೂರದಲ್ಲಿ ಮಲಗಿದ್ದ ಹೊಳಲ್ಕೆರೆ ಕಡೆಯ ಅಜ್ಜರೊಬ್ಬರು ಎದ್ದು ಕುಳಿತು, "ಇನ್ನೊಂದಿಷ್ಟು ದೊಡ್ಡದಾಗಿ ಹೇಳಿ ತಾಯಿ" ಎಂದರು.

ನಡುರಾತ್ರಿ ದಾಟಿದ ಮೇಲೆ ನರ್ಸೊಬ್ಬರು ಬಾಗಿಲು ತೆರೆದು ಇವರ ಹೆಸರು ಹಿಡಿದು ಕೂಗಿದರು. ಬೇಕಾಗಿದ್ದದ್ದು ಒಂದು ಸಹಿ ಮಾತ್ರ. ನನಗೆ ನಿಲ್ಲಲು ಕಾಲಿರಲಿಲ್ಲ. ಅಕ್ಕ ಮೊಣಕೈ ಹಿಡಿದು ಎತ್ತಿ ನಿಲ್ಲಿಸಿದರು. ಸಹಿ ಹಾಕಿ ಬಂದು ಕುಳಿತವಳು ಆ ರಾತ್ರಿಯವರೆಗೆ ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ. ಬದುಕಲಿ ಎಂದು ಬೇಡುತ್ತಿದ್ದೇನೆ, ಆದರೆ ಇವರ ದನಿಯಿಲ್ಲದ ಆ ಮನೆಗೆ ನಾನು ಹೇಗೆ ಹೋಗಲಿ ಅಕ್ಕ? ಆ ಜಗಲಿಯಲ್ಲಿ ಹೇಗೆ ಕೂರಲಿ? ಅತ್ತೆ. ಬಹಳ ಅತ್ತೆ. ದೇವರಿದ್ದಾನೆ, ಎಲ್ಲ ಸರಿಯಾಗುತ್ತದೆ ಎಂದು ಅಕ್ಕ ಹೇಳಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, ಬಿಟ್ಟಿದ್ದ ಪದ್ಯವನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಬೆಳಗಾಗುವವರೆಗೆ ನಿಲ್ಲಿಸಲಿಲ್ಲ.

ನಾನು ಅಂಚಿಗೆ ಯಾವಾಗಲೂ ಎರಡು ಸೀದಾ, ಎರಡು ಉಲ್ಟಾ ಕುಣಿಕೆ ಹಾಕುವವಳು. ಬೆಳಗಿನ ಬೆಳಕಿನಲ್ಲಿ ನೋಡಿದರೆ ಆ ರಾತ್ರಿ ಹೆಣೆದಷ್ಟು ಭಾಗವೂ ಮೂರು ಸೀದಾ, ನಾಲ್ಕು ಉಲ್ಟಾ ಆಗಿತ್ತು. ಕೈ ಕೇಳಿಸಿಕೊಂಡದ್ದನ್ನು ನಾನು ಬಿಚ್ಚಲಿಲ್ಲ. ಮೊಮ್ಮಗಳು ಅದನ್ನೇ ಸುತ್ತಿಕೊಂಡು ಶಾಲೆಗೆ ಹೋಗುತ್ತಾಳೆ.

ಮನೆಗೆ ಬಂದ ಮೇಲಿನ ತಿಂಗಳುಗಳು ಇದಕ್ಕಿಂತ ಉದ್ದವಾಗಿದ್ದವು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಒಬ್ಬ ಹುಡುಗಿ ಇವರ ಮಾತಿನ ಚಿಕಿತ್ಸೆ ನೋಡಿಕೊಂಡಳು. ಹೆಚ್ಚಿನವರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗದ್ದು, ರಾಗ ಮತ್ತು ಲಯಕ್ಕೆ ಬಲಭಾಗವೂ ದುಡಿಯುತ್ತದೆ, ಹಾಗಾಗಿ ಮಾತು ನಿಂತವರೂ ಎಷ್ಟೋ ಸಲ ಗೊತ್ತಿರುವ ಹಾಡನ್ನು ಪದಸಹಿತ ಹಾಡಬಲ್ಲರು ಎಂದು ಅವಳು ವಿವರಿಸಿದಳು. "ಇವರಿಗೆ ಬಾಯಿಪಾಠ ಬರುವ ಹಾಡು ಯಾವುದು?" ಎಂದು ಕೇಳಿದಳು. ನಾನು ಅಕ್ಕನ ಮುಖ ನೋಡಿದೆ.

ಮರುದಿನದಿಂದ ಅಕ್ಕ ತಮ್ಮ ಮನೆಯ ಕೆಲಸ ಮುಗಿಸಿ, ಸಂಕ ದಾಟಿ ಪ್ರತಿ ಸಂಜೆ ಬರತೊಡಗಿದರು. ಗಮಕದಲ್ಲಿ ತಾಳ ಕುಟ್ಟಿ ಓದುವುದಿಲ್ಲ. ಪದ್ಯದ ಅರ್ಥಕ್ಕೆ ತಕ್ಕಂತೆ ರಾಗ ಹಿಗ್ಗಬೇಕು, ಕುಗ್ಗಬೇಕು. ಅಕ್ಕನಿಗೆ ಅದು ವ್ರತದಷ್ಟು ಮುಖ್ಯ. ಆದರೆ ಮೈದುನನಿಗಾಗಿ ಅದನ್ನು ಬದಿಗಿಟ್ಟರು. ಮೂರು, ನಾಲ್ಕು ಮಾತ್ರೆಗಳ ಗಣ ಬಿಡಿಸಿ ಬಿಡಿಸಿ, ಇವರ ಎಡಗೈಯನ್ನು ಮಂಚದ ಅಂಚಿಗೆ ಮೆಲ್ಲಗೆ ತಟ್ಟಿಸುತ್ತಾ, ಒಂದೇ ಪದ್ಯವನ್ನು ದಿನಗಟ್ಟಲೆ ಹೇಳಿದರು. ಬೇಸರದ ಒಂದು ಗೆರೆಯೂ ಆ ಮುಖದಲ್ಲಿ ಕಾಣಲಿಲ್ಲ. ಹೀಗೆ ಒಂದು ಸಂಜೆ ಅಕ್ಕ ಮೂರನೆಯ ಸಾಲಿನ ಕೊನೆಯ ಗುರುವನ್ನು ಹೇಳದೆ ಬಿಟ್ಟು ಕಾದರು. ಆ ಒಂದಕ್ಷರ ಇವರ ಬಾಯಿಂದ ಬಂತು. ಪೂರ್ತಿ, ದೀರ್ಘವಾಗಿ ಬಂತು. ನನ್ನ ಕಡ್ಡಿಯಿಂದ ಕುಣಿಕೆಗಳು ಜಾರಿದ್ದು ಆಮೇಲೆ ಗೊತ್ತಾಯಿತು. ಅಕ್ಕ ಹಿಗ್ಗಿ ಕುಣಿಯಲಿಲ್ಲ. ನಾಲ್ಕನೆಯ ಸಾಲಿಗೆ ಹೋದರು, ಆರನೆಯ ಸಾಲಿನ ಕೊನೆಯಲ್ಲಿ ಮತ್ತೆ ಕಾದರು, ಮತ್ತೆ ಬಂತು. ಆ ಮೇಲೆ ಅಡುಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು ಅತ್ತರು.

ಅಕ್ಷರ ಪದವಾಯಿತು, ಪದ ಸಾಲಾಯಿತು. ಹಾಡಿನಿಂದ ಮಾತಿಗೆ ಬರಲು ಇನ್ನೂ ಬಹಳ ಹೊತ್ತು ಹಿಡಿಯಿತು, ಅದು ಆ ಹುಡುಗಿಯ ತಾಳ್ಮೆಯ ಫಲ. ಈಗಲೂ ದಣಿದಾಗ ಇವರ ಮಾತು ತೊಡರುತ್ತದೆ. ಆಗ ಬೆರಳಿನಲ್ಲಿ ಮೂರು, ನಾಲ್ಕು ತಟ್ಟಿಕೊಂಡು ದಾರಿ ಹುಡುಕಿಕೊಳ್ಳುತ್ತಾರೆ.

ನನ್ನ ಪಾಲಿಗೆ ಬಂದ ಕೆಲಸವನ್ನೂ ಹೇಳುತ್ತೇನೆ, ಇಂಥವರನ್ನು ನೋಡಿಕೊಳ್ಳುವ ಮನೆಯವರಿಗೆ ಉಪಯೋಗವಾದೀತು. ತಲೆಯ ಮೇಲಿಂದ ಹಾಕುವ ಸ್ವೆಟರು ಬೇಡವೇ ಬೇಡ. ಇವರ ಹಳೆಯ ಎರಡು ಸ್ವೆಟರುಗಳನ್ನು ಬಿಚ್ಚಿದೆ. ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೆನೆಸಿ, ಭಾರ ಕಟ್ಟಿ ಒಣಗಿಸಿದರೆ ಅದರ ಸುಕ್ಕು ಬಿಡುತ್ತದೆ. ಅದರಲ್ಲೇ ಮುಂದೆ ತೆರೆಯುವ, ದೊಡ್ಡ ಗುಂಡಿಯ, ಬಲತೋಳು ಎಡಕ್ಕಿಂತ ಅಗಲವಾದ ಸ್ವೆಟರು ಹೆಣೆದೆ. ಅಂಚಿಗೆ ಹನ್ನೆರಡನೇ ನಂಬರಿನ ಕಡ್ಡಿ, ಮೈಗೆ ಹತ್ತನೆಯದು. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ ಎಂದು ಹೇಳಿಕೊಟ್ಟ ನರ್ಸಮ್ಮನನ್ನು ದಿನಾ ಎರಡು ಹೊತ್ತು ನೆನೆಯುತ್ತೇನೆ.

ಅಕ್ಕನಿಗೆ ಏನು ಹೆಣೆದುಕೊಟ್ಟರೂ ಪೆಟ್ಟಿಗೆಯಲ್ಲಿಡುತ್ತಾರೆ, ಹೊದೆಯುವುದು ಮಾತ್ರ ಹಳೆಯ ಕಂಬಳಿಯನ್ನೇ. ಆದ್ದರಿಂದ ಈ ಬರಹವೇ ಇರಲಿ. ಅಕ್ಕ, ಇದನ್ನು ನಿಮಗೆ ನಮ್ಮವರೇ ಓದಿ ಹೇಳುತ್ತಾರೆ. ನಡುವೆ ಎದ್ದು ಹೋಗಬೇಡಿ.

ಕೊನೆಯದಾಗಿ, ಹೊಳಲ್ಕೆರೆ ಕಡೆಯ ಆ ಅಜ್ಜರಿಗೆ. ಅವರ ಮನೆಯ ಅಮ್ಮ ಐಸಿಯು ಒಳಗಿದ್ದರು. ಬೆಳಗ್ಗೆ ಅಜ್ಜ ನಮಗೆ ಚಹ ತಂದುಕೊಟ್ಟರು, ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು, ಹೊರಗೆ ಬಂದಾಗ ಅವರಿರಲಿಲ್ಲ. ಹೆಸರೂ ಕೇಳಿರಲಿಲ್ಲ. ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಟವಲ್, ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂದು ತಮ್ಮೂರಿನಲ್ಲಿ ಓದಿಸುತ್ತಿದ್ದುದನ್ನು ಅಕ್ಕನಿಗೆ ಹೇಳುತ್ತಿದ್ದರು. ಯಾರಿಗಾದರೂ ಅವರ ಗುರುತು ಸಿಕ್ಕರೆ ನಮಗೆ ತಿಳಿಸಿ. ಆ ಅಮ್ಮ ಹೇಗಿದ್ದಾರೆಂದು ಕೇಳಬೇಕು. ಇಬ್ಬರಿಗೂ ಒಂದೊಂದು ಮಫ್ಲರು ಹೆಣೆದು ತೆಗೆದಿಟ್ಟಿದ್ದೇನೆ.