ಕಾಫಿ ಮೂಟೆಗೂ ಬಂತು ಅಕ್ಷಾಂಶ, ರೇಖಾಂಶ

ಮಾನ್ಯ ಸಂಪಾದಕರೇ,

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯಂಥ ಸರಕನ್ನು ತನ್ನ ಮಾರುಕಟ್ಟೆಗೆ ಬಿಡದ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಎರಡು ಸಲ ಮುಂದಕ್ಕೆ ಹೋದದ್ದೇ ತಡ, ‘ಅದಿನ್ನು ಬರೋದಿಲ್ಲ ಬಿಡಿ’ ಎಂಬ ಮಾತು ಕಾಫಿ ನಾಡಿನಲ್ಲಿ ಶುರುವಾಗಿದೆ. ದೊಡ್ಡ ಮತ್ತು ಮಧ್ಯಮ ಗಾತ್ರದ ಆಮದುದಾರರಿಗೆ ಈಗಿನ ಗಡುವು 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30. ವಿನಾಯಿತಿ ಇರುವುದು 2023ರ ಜೂನ್ 29ಕ್ಕೂ ಮೊದಲು ಬೆಳೆದ ಮಾಲಿಗೆ ಮಾತ್ರ. ಅಂದರೆ ಗೋದಾಮಿನಲ್ಲಿ ಕೂತ ಹೋದ ಕೊಯ್ಲಿನ ಕಾಫಿ ಗಡುವು ದಾಟಿದ ಮೇಲೆ ಹಡಗಿನಿಂದ ಇಳಿದರೆ, ಅದೂ ಯಾವ ತೋಟದ್ದೆಂದು ತೋರಿಸಲೇಬೇಕು.

ಭಾರತ 2025ರ ಮೇ ತಿಂಗಳಲ್ಲಿ ಅರಣ್ಯನಾಶದ ಅಪಾಯ ಕಡಿಮೆ ಇರುವ ದೇಶಗಳ ಪಟ್ಟಿಗೆ ಸೇರಿದ್ದನ್ನೂ ಹಲವರು ತಪ್ಪಾಗಿ ಓದಿಕೊಂಡಿದ್ದಾರೆ. ಇದರಿಂದ ತಪ್ಪಿದ್ದು ಆಮದುದಾರ ಮಾಡಬೇಕಿದ್ದ ಅಪಾಯದ ಮೌಲ್ಯಮಾಪನ. ತೋಟದ ಸ್ಥಾನ ಕೊಡುವುದು ತಪ್ಪಿಲ್ಲ. ಒಂದು ತಾಕು 4 ಹೆಕ್ಟೇರ್ ಒಳಗಿದ್ದರೆ, ಅಂದರೆ ಹತ್ತಿರ ಹತ್ತಿರ ಹತ್ತು ಎಕರೆ, ಅಕ್ಷಾಂಶ, ರೇಖಾಂಶದ ಒಂದೇ ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಲೆಕ್ಕ ತಾಕಿನದು, ಮಾಲೀಕನದಲ್ಲ: ಮೂರು ಕಡೆ ಮೂರು ಮೂರು ಎಕರೆ ಇದ್ದವರಿಗೆ ಮೂರು ಬಿಂದು. ದಶಮಾಂಶದ ನಂತರ ಕನಿಷ್ಠ ಆರು ಅಂಕಿ ಇರಬೇಕು.

ಆರನೆಯ ಅಂಕಿ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಮೊಬೈಲಿನ ಜಿಪಿಎಸ್‌ ಬಯಲಿನಲ್ಲೇ ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಲ್ಲಿ ಇನ್ನೂ ದೂರ ಜಾರುತ್ತದೆ. ಹಾಗಾಗಿ ಆರು ಅಂಕಿ ಬರೆದ ಮಾತ್ರಕ್ಕೆ ನಿಖರತೆ ಬಂದಂತಲ್ಲ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮುಗಿದು ಆಕಾಶ ಕಾಣುವಾಗ ನಡೆದು ಗುರುತಿಸುವುದು, ಒಂದೊಂದು ಮೂಲೆಯಲ್ಲೂ ಅರ್ಧ ನಿಮಿಷ ನಿಲ್ಲುವುದು, ಆಮೇಲೆ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡುವುದು, ಇಷ್ಟು ಮಾಡಿದರೆ ಸಾಕಷ್ಟು ಸರಿಹೋಗುತ್ತದೆ. ಬಿಂದು ಗಿಡಗಳ ನಡುವೆ ಬೀಳಬೇಕು. ಮನೆಯ ಜಗಲಿಯಲ್ಲಿ ಕೂತು ಗುಂಡಿ ಒತ್ತಿದರೆ ಮನೆ ದಾಖಲಾಗುತ್ತದೆ, ತೋಟವಲ್ಲ. ಇಪ್ಪತ್ತು ಬೆಳೆಗಾರರಿಗೆ ಒಂದೇ ಬಿಂದು ಬಂದಿದ್ದರೆ ಅದು ಬಹುತೇಕ ಸಹಕಾರ ಸಂಘದ ಕಚೇರಿಯದು!

ಕಡತದಲ್ಲಾಗುವ ತಪ್ಪುಗಳು ಇನ್ನೂ ವಿಚಿತ್ರ. ಬಿಂದು, ಗಡಿಗಳನ್ನು ಬರೆದಿಡುವ, ಒಕ್ಕೂಟದ ವ್ಯವಸ್ಥೆ ತೆಗೆದುಕೊಳ್ಳುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ; ನಮ್ಮ ಮೊಬೈಲ್ ನಕ್ಷೆಗಳಲ್ಲಿ ಇದು ತಿರುಗುಮುರುಗು. ಮಡಿಕೇರಿ ಸುತ್ತಿನ 12.4, 75.7 ಅದಲುಬದಲಾದರೆ ತೋಟ ಆರ್ಕ್ಟಿಕ್ ಸಮುದ್ರದಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ಕೆಳಗೆ ತೇಲುತ್ತದೆ. ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ 75.741230ರ ಕೊನೆಯ ಸೊನ್ನೆ ಉದುರಿ ಐದೇ ಅಂಕಿ ಉಳಿಯುತ್ತದೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಬೇಕು. ಗಡಿ ಹೊರಟ ಬಿಂದುವಿಗೇ ಬಂದು ಮುಚ್ಚಿಕೊಳ್ಳಬೇಕು. ನಡೆಯುವಾಗ ಅಡ್ಡ ದಾಟಿ ಎಂಟರ ಆಕಾರವಾದರೆ ಕಡತ ತಿರಸ್ಕೃತ.

ನೆರಳಿನ ಕಾಫಿಗೆ ಇನ್ನೊಂದು ತೊಡಕಿದೆ. ಉಪಗ್ರಹಕ್ಕೆ ಕಾಣುವುದು ಮರದ ತಲೆ, ಬುಡದ ಕಾಫಿ ಗಿಡವಲ್ಲ. ಒಕ್ಕೂಟದ ಸಂಶೋಧನಾ ಕೇಂದ್ರದ 2020ರ ಅರಣ್ಯ ನಕ್ಷೆಯಲ್ಲಿ ಇಂಥ ತೋಟ ಕಾಡೆಂದು ಬಿದ್ದರೆ, ತಂತ್ರಾಂಶ ‘ಕಾಡು ಕಡಿದು ಕಾಫಿ ಹಾಕಿದ್ದಾರೆ’ ಎಂದು ಕೆಂಪು ಗುರುತು ಹಾಕುತ್ತದೆ. ಆದರೆ ಮರಗಳಡಿ ಬೆಳೆಯುವ ಬೆಳೆಯನ್ನು ನಿಯಮವೇ ಕೃಷಿ ತೋಟವೆಂದು ಕರೆದು ಅರಣ್ಯದಿಂದ ಹೊರಗಿಟ್ಟಿದೆ. ಆ ನಕ್ಷೆಗೆ ಕಾನೂನಿನ ಬಲವೂ ಇಲ್ಲ. 2020ರ ಡಿಸೆಂಬರ್ 31ಕ್ಕೆ ಮುಂಚಿನ ಪಹಣಿಯಲ್ಲಿ ಬೆಳೆ ಕಾಲಂನಲ್ಲಿ ಕಾಫಿ ಎಂದಿರುವ ಪ್ರತಿ, ಹಳೆಯ ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ) ರಸೀದಿ, ಇವನ್ನು ಜೋಡಿಸಿಟ್ಟರೆ ಉತ್ತರ ಕೊಡಬಹುದು. ಕೊಡಗಿನ ಜಮ್ಮಾ ಬಾಣೆಯಂಥ ಜಂಟಿ ಹಿಡುವಳಿಗಳಲ್ಲಿ ಯಾವ ಭಾಗ ಯಾರ ಅನುಭವದಲ್ಲಿದೆ ಎಂಬ ಬರಹವೂ ಬೇಕಾದೀತು.

ಇಷ್ಟೆಲ್ಲ ಸರಿ ಮಾಡಿದ್ದೂ ಹಾಳಾಗುವ ಜಾಗ ಒಂದಿದೆ: ಊರಿನ ವ್ಯಾಪಾರಿಯ ಕಣ. ಇಪ್ಪತ್ತು ಅಡಿಯ ಕಂಟೇನರ್‌ಗೆ 60 ಕಿಲೋದ 320 ಮೂಟೆ, 19.2 ಟನ್. 50 ಕಿಲೋದ ಒಂದು ಚೀಲ ರೊಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 26 ಕಿಲೋ ಔಟ್‌ಟರ್ನ್, ಅಂದರೆ ಕೊನೆಗೆ ಸಿಗುವ ಬೀಜ, ಹಿಡಿದರೂ ಸುಮಾರು 740 ಚೀಲ ಬೇಕು. ಎರಡೆರಡು ಎಕರೆಯವರಿಂದ 35 ಚೀಲದಂತೆ ಕೂಡಿಸಿದರೆ ಇಪ್ಪತ್ತಕ್ಕೂ ಹೆಚ್ಚು ತೋಟ. ಎಲ್ಲವೂ ಒಂದೇ ರಾಶಿಗೆ ಸುರಿದ ಮೇಲೆ ಯಾವುದು ಯಾರದೆಂದು ಹೇಳುವುದು ಯಾರಿಂದಲೂ ಆಗದು. ನೂರು ಚೀಲ ಗೊತ್ತಿದ್ದ ಮಾಲಿಗೆ ಹತ್ತು ಚೀಲ ಗೊತ್ತಿಲ್ಲದ್ದು ಬೆರೆಸಿ ನೂರಕ್ಕೆ ಲೆಕ್ಕ ಕೊಡುತ್ತೇವೆ ಎನ್ನುವುದನ್ನು ನಿಯಮ ಒಪ್ಪುವುದಿಲ್ಲ. ರಾಶಿಗೆ ಬಿದ್ದ ಪ್ರತಿ ತೋಟದ ಸ್ಥಾನ ಕೊಡಬೇಕು. ಅದರಲ್ಲಿ ಒಂದು ಕೆಟ್ಟರೂ ಇಡೀ ಸರಕು ಕೆಟ್ಟಂತೆ.

ಬೆಳೆಗಾರರ ನೋಂದಣಿಗೆ ಕಾಫಿ ಮಂಡಳಿ ಆ್ಯಪ್ ಕೊಟ್ಟಿದೆ, ಒಳ್ಳೆಯದೇ. ಆದರೆ ಆ ಗುರುತಿನ ಸಂಖ್ಯೆ ಕಣದ ತೂಕದ ಚೀಟಿಗೆ ಬರುತ್ತಿಲ್ಲ. ಚೀಟಿಯಲ್ಲಿ ಬೆಳೆಗಾರನ ಸಂಖ್ಯೆ, ತಾಕು, ಚೀಲ, ತೂಕ, ದಿನಾಂಕ ಇಷ್ಟು ಕಡ್ಡಾಯವಾಗಲಿ, ಸಂಖ್ಯೆ ಇಲ್ಲದ ಮಾಲಿಗೆ ಬೇರೆ ರಾಶಿ ಮಾಡಲಿ. ಕ್ಯೂರಿಂಗ್ ವರ್ಕ್ಸ್‌ಗಳೂ ಸಂಖ್ಯೆಯಿಲ್ಲದ ಚೀಟಿ ಬಂದರೆ ಲಾಟ್ ತೆರೆಯದಿರಲಿ. ಅರೇಬಿಕಾ ಕೊಯ್ಲು ಶುರುವಾದರೆ ಆಳಿಗೂ ಬೆಳೆಗಾರನಿಗೂ ಮೊಬೈಲ್ ಹಿಡಿದು ಗಡಿ ನಡೆಯಲು ಪುರುಸೊತ್ತಿರದು. ಮಂಡಳಿಯ ವಿಸ್ತರಣಾ ಸಿಬ್ಬಂದಿ ಪಂಚಾಯಿತಿವಾರು ಶಿಬಿರಗಳನ್ನು ಅದಕ್ಕೆ ಮುಂಚೆಯೇ ಮುಗಿಸಲಿ.

ಇತಿ,
ಕಾಫಿ ರಫ್ತು ದಾಖಲಾತಿ ಕೆಲಸದಲ್ಲಿರುವವರು
ಕುಶಾಲನಗರ